ಹಳೆಯ ಕಾರಿನ ಜೀರ್ಣೋದ್ಧಾರ

ಜೀರ್ಣೋದ್ಧಾರ ಎಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಊರ ಹಳೆಯ ದೇವಸ್ಥಾನ. ಗೋಪುರದ ಬಿರುಕಿನಲ್ಲಿ ಅರಳಿಗಿಡ ಬೇರೂರಿರುತ್ತದೆ. ಮಂಟಪದ ಕಂಬವೊಂದು ವಾಲಿರುತ್ತದೆ. ಊರವರು ಸೇರಿ ಚಂದಾ ಎತ್ತುತ್ತಾರೆ. ಜೀರ್ಣ, ಉದ್ಧಾರ ಎಂಬೆರಡು ಪದಗಳು ಗುಣಸಂಧಿಯಿಂದ ಕೂಡಿ ಆದ ಈ ಮಾತಿಗೆ, ಸವೆದುಹೋದದ್ದನ್ನು ಮೇಲಕ್ಕೆತ್ತುವುದು ಎಂದು ಅರ್ಥ. ದೇವಸ್ಥಾನಕ್ಕೆ ಸಲ್ಲುವ ಈ ಮಾತು ಮೋಟಾರು ಕಾರಿಗೂ ಸಲ್ಲುವುದುಂಟೆ? ಸಲ್ಲುತ್ತದೆಂದು ನಂಬಿದ ಜನ ಇಟಲಿಯಲ್ಲಿ, ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ಬಹಳ ಇದ್ದಾರೆ. ಐವತ್ತು ವರ್ಷ ಹಳೆಯದಾದ ಕಾರೊಂದನ್ನು ಕೊಂಡು, ತಮ್ಮ ರಜಾದಿನಗಳನ್ನೆಲ್ಲ ಅದರ ಕೆಳಗೆ ಮಲಗಿ ಕಳೆಯುವವರು ಅವರು. ಅವರು ಮಾಡುವ ಕೆಲಸವೇನು, ಅದರ ಕಷ್ಟವೇನು, ಎಲ್ಲಿ ಗೆಲ್ಲುತ್ತಾರೆ, ಎಲ್ಲಿ ಸೋಲುತ್ತಾರೆ ಎಂಬುದನ್ನು ಒಂದು ಕಾರಿನ ನಿದರ್ಶನದಿಂದ ತಿಳಿಯೋಣ.

ಆ ಕಾರಿನ ಹೆಸರು ಲಾಂಚಾ ಫುಲ್ವಿಯಾ ಕೂಪೆ. ಕೂಪೆ ಎಂಬುದು ಫ್ರೆಂಚ್ ಮಾತು, ಕತ್ತರಿಸಿದ್ದು ಎಂದರ್ಥ. ಹಿಂದೆ ದೊಡ್ಡ ಸಾರೋಟನ್ನು ಕತ್ತರಿಸಿ ಗಿಡ್ಡ ಮಾಡಿದಂತಿದ್ದ ಚಿಕ್ಕ ಸಾರೋಟಿಗೆ ಈ ಹೆಸರಿತ್ತು. ಅದೇ ಹೆಸರು ಮುಂದೆ ಎರಡು ಬಾಗಿಲಿನ, ತಗ್ಗಾದ ಚಾವಣಿಯ ಚುರುಕಾದ ಕಾರಿಗೆ ಬಂತು. ಲಾಂಚಾ ಎಂಬುದು ಕಾರ್ಖಾನೆಯ ಸ್ಥಾಪಕರಾದ ವಿಂಚೆಂಜೊ ಲಾಂಚಾ ಅವರ ಮನೆತನದ ಹೆಸರು. ಇಟಾಲಿಯನ್ ಭಾಷೆಯಲ್ಲಿ ಅದಕ್ಕೆ ಭರ್ಜಿ ಎಂಬ ಅರ್ಥವೂ ಉಂಟು. ಅವರು 1906ರಲ್ಲಿ ಟ್ಯೂರಿನ್ ನಗರದಲ್ಲಿ ಈ ಕಾರ್ಖಾನೆಯನ್ನು ತೆರೆದರು. ಎರಡನೆಯ ಮಹಾಯುದ್ಧದ ತರುವಾಯ ಈ ಕಾರ್ಖಾನೆ ತನ್ನ ಕಾರುಗಳಿಗೆ ಪ್ರಾಚೀನ ರೋಮನರ ಹೆದ್ದಾರಿಗಳ ಹೆಸರನ್ನಿಡುತ್ತ ಬಂತು: ಔರೇಲಿಯಾ, ಆಪ್ಪಿಯಾ, ಫ್ಲಮೀನಿಯಾ, ಫ್ಲಾವಿಯಾ, ಕೊನೆಗೆ ಫುಲ್ವಿಯಾ. ಟ್ಯೂರಿನ್ ನಮಗೂ ತೀರ ಅಪರಿಚಿತವಲ್ಲ. ಬಹುಕಾಲ ನಮ್ಮ ಊರುಗಳಲ್ಲಿ ಡಾಕ್ಟರರ, ವಕೀಲರ ಮನೆಗಳ ಮುಂದೆ ನಿಲ್ಲುತ್ತಿದ್ದ, ಮುಂಬಯಿಯಲ್ಲಿ ತಯಾರಾದ ಫಿಯಟ್ 1100 ಕಾರಿನ ತವರೂ ಅದೇ ನಗರ. ಫಿಯಟ್ ಎಂಬ ಹೆಸರಿನ ಕೊನೆಯ ಅಕ್ಷರವೇ ಆ ಊರನ್ನು ಸೂಚಿಸುತ್ತದೆ.

ಫುಲ್ವಿಯಾ ಕೂಪೆ ಹೊರಬಂದದ್ದು 1965ರಲ್ಲಿ. ಅದರ ಯಂತ್ರಭಾಗವನ್ನು ಯೋಜಿಸಿದವರು ಅಂತೋನಿಯೊ ಫೆಸ್ಸಿಯಾ ಎಂಬ ಇಂಜಿನಿಯರು. ರೂಪವನ್ನು ಕೊಟ್ಟವರು ಪಿಯೆರೊ ಕಸ್ತನ್ಯೇರೊ. ಇದರ ಎಂಜಿನ್ ಒಂದು ಕುತೂಹಲದ ವಸ್ತು. ನಾಲ್ಕು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಎಂಜಿನ್ ಉದ್ದವಾಗುತ್ತದೆ. ಎರಡು ಸಾಲು ಮಾಡಿ ಅಗಲವಾಗಿ ಕವಲೊಡೆಸಿದರೆ ಪ್ರತಿ ಸಾಲಿಗೂ ಬೇರೆ ಬೇರೆ ಮೇಲ್ಭಾಗ, ಅಂದರೆ ಸಿಲಿಂಡರ್ ಹೆಡ್, ಬೇಕಾಗುತ್ತದೆ. ಫೆಸ್ಸಿಯಾ ಅವರ ತಂಡ ಎರಡು ಸಾಲುಗಳ ನಡುವೆ ಸುಮಾರು 13 ಡಿಗ್ರಿಯಷ್ಟೇ ಕೋನವಿಟ್ಟಿತು. ಹಾಗಾಗಿ ಎಂಜಿನ್ ಗಿಡ್ಡವಾಯಿತು. ಎರಡು ಸಾಲಿಗೂ ಒಂದೇ ಹೆಡ್ ಸಾಕಾಯಿತು. ಬಾನೆಟ್ ತಗ್ಗಾಗಿರಲೆಂದು ಇಡೀ ಎಂಜಿನನ್ನು 45 ಡಿಗ್ರಿ ಪಕ್ಕಕ್ಕೆ ವಾಲಿಸಿದರು. ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕು. ಮೊದಲ ಕಾರುಗಳ ಎಂಜಿನ್ 1216 ಘನ ಸೆಂಟಿಮೀಟರಿನದು, 80 ಅಶ್ವಶಕ್ತಿಯದು. ಮುಂದೆ ಸ್ಪರ್ಧೆಗಾಗಿ 1584 ಘನ ಸೆಂಟಿಮೀಟರಿನದೂ ಬಂತು. 1972ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಸಾಂದ್ರೊ ಮುನಾರಿ ಮತ್ತು ಮಾರಿಯೊ ಮನ್ನೂಚಿ ಎಂಬಿಬ್ಬರು ಇದೇ ಕಾರಿನಲ್ಲಿ ಹೊರಟು, ಹೆಚ್ಚು ಬಲದ ಕಾರುಗಳನ್ನು ಹಿಂದಿಕ್ಕಿ ಗೆದ್ದರು.

ಇಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ಖರ್ಚೂ ಹೆಚ್ಚು. ಮಾಡಿದ ಕಾರಿನ ಬೆಲೆಯಲ್ಲಿ ಮಾಡಿದ ಖರ್ಚು ಹುಟ್ಟದೆ ಲಾಂಚಾ ಸಾಲದಲ್ಲಿ ಸಿಕ್ಕಿತು. 1969ರಲ್ಲಿ ಅದು ಫಿಯಟ್ಟಿನ ಕೈಸೇರಿತು. ಫುಲ್ವಿಯಾ ಕೂಪೆಯ ತಯಾರಿಕೆ 1976ರಲ್ಲಿ ನಿಂತಿತು. ಅಂದರೆ ಇಂದು ಯಾರೇ ಈ ಕಾರನ್ನು ಕೊಂಡರೂ ಅವರು ಕೊಳ್ಳುವುದು ಸುಮಾರು ಅರ್ಧ ಶತಮಾನದ ಮಳೆ ಬಿಸಿಲು ಕಂಡ ವಸ್ತುವನ್ನು.

ಆ ವಸ್ತುವಿನ ಮುಖ್ಯ ಶತ್ರು ತುಕ್ಕು. ಕಬ್ಬಿಣಕ್ಕೆ ನೀರೂ ಗಾಳಿಯಲ್ಲಿರುವ ಆಮ್ಲಜನಕವೂ ಒಟ್ಟಿಗೆ ಸೋಂಕಿದರೆ ತುಕ್ಕು ಹುಟ್ಟುತ್ತದೆ. ನೀರಿನಲ್ಲಿ ಉಪ್ಪಿದ್ದರೆ ಕೆಲಸ ಬಹು ವೇಗವಾಗಿ ಸಾಗುತ್ತದೆ. ಹಿಮ ಬೀಳುವ ನಾಡುಗಳಲ್ಲಿ ರಸ್ತೆಯ ಮೇಲಿನ ಹಿಮ ಕರಗಲೆಂದು ಚಳಿಗಾಲದಲ್ಲಿ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಚಕ್ರದಿಂದ ಸಿಡಿದು ಕಾರಿನ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ಹಳೆಯ ಲಾರಿಯಂತೆ ಈ ಕಾರಿಗೆ ಬೇರೆಯಾದ ಬಲವಾದ ಚಾಸಿಯಿಲ್ಲ. ತಗಡನ್ನೇ ಮಡಿಸಿ ಬೆಸೆದು ಮಾಡಿದ ಪೆಟ್ಟಿಗೆಯಂಥ ಕೊಳವೆಗಳೇ ಅದರ ಎಲುಬು. ಬಾಗಿಲಿನ ಕೆಳಗೆ ಹೊಸ್ತಿಲಂತೆ ಉದ್ದಕ್ಕೂ ಇರುವ ಭಾಗ ಅಂಥದೊಂದು ಕೊಳವೆ. ಅದರೊಳಕ್ಕೆ ಇಳಿದ ನೀರು ಹೊರಹೋಗಲು ಇಟ್ಟಿರುವ ಸಣ್ಣ ರಂಧ್ರಗಳು ಕೆಸರಿನಿಂದ ಮುಚ್ಚಿಕೊಂಡರೆ, ನೀರು ಅಲ್ಲೇ ನಿಂತು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಹೊರಗಿನ ಬಣ್ಣದ ಮೇಲೆ ಒಂದು ಗುಳ್ಳೆ ಕಾಣಿಸಿಕೊಳ್ಳುವ ವೇಳೆಗೆ ಒಳಗಿನ ಕೆಲಸ ಮುಗಿದಿರುತ್ತದೆ.

ಫುಲ್ವಿಯಾದಲ್ಲಿ ಇನ್ನೊಂದು ಮರ್ಮಸ್ಥಾನವುಂಟು. ಎಂಜಿನ್, ಗೇರ್ ಪೆಟ್ಟಿಗೆ, ಮುಂದಿನ ಚಕ್ರಗಳ ಕೀಲು, ಇಷ್ಟನ್ನೂ ಹೊತ್ತಿರುವುದು ಸಬ್‌ಫ್ರೇಮ್ ಎಂಬ ಉಕ್ಕಿನ ಚೌಕಟ್ಟು. ಅದನ್ನು ರಬ್ಬರ್ ಮೆತ್ತೆಗಳ ನಡುವಿರಿಸಿ ಬೋಲ್ಟುಗಳಿಂದ ಕಾರಿನ ಒಡಲಿಗೆ ಬಿಗಿದಿರುತ್ತಾರೆ. ಈ ಚೌಕಟ್ಟೋ, ಅದನ್ನು ಹಿಡಿದಿರುವ ಒಡಲಿನ ತಗಡೋ ತುಕ್ಕು ತಿಂದಿದ್ದರೆ, ಚಕ್ರಗಳು ಕಾರಿನಿಂದ ಅಲುಗಾಡತೊಡಗುತ್ತವೆ. ಆಗ ಕೆಟ್ಟದ್ದು ಕಾರಿನ ಚೆಲುವು ಮಾತ್ರವಲ್ಲ. ಒಳಗೆ ಕುಳಿತವರ ಪ್ರಾಣವೂ ಅಪಾಯದಲ್ಲಿರುತ್ತದೆ.

ಆದ್ದರಿಂದ ಕೊಳ್ಳಹೋಗುವವರು ಮೊದಲು ನೋಡಬೇಕಾದದ್ದು ಎಂಜಿನ್ನನ್ನಲ್ಲ, ಒಡಲನ್ನು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಹೊಳೆಯುವ ಬಣ್ಣಕ್ಕೂ ಅನ್ವಯಿಸುತ್ತದೆ. ಬಟ್ಟೆಯಲ್ಲಿ ಸುತ್ತಿದ ಒಂದು ಅಯಸ್ಕಾಂತವನ್ನು ಚಕ್ರದ ಕಮಾನು, ಬಾಗಿಲಿನ ಕೆಳಭಾಗ, ಹೊಸ್ತಿಲುಗಳ ಮೇಲೆ ಸರಿಸಬೇಕು. ಅದು ಹಿಡಿಯದೆ ಜಾರಿದ ಕಡೆ ಬಣ್ಣದ ಕೆಳಗಿರುವುದು ಉಕ್ಕಲ್ಲ, ಪುಟ್ಟಿ. ಬಾಗಿಲನ್ನು ತೆರೆದು ಮುಚ್ಚಬೇಕು. ಅದು ಕೆಳಕ್ಕೆ ಕೂತು ಹೊಸ್ತಿಲಿಗೆ ಉಜ್ಜಿದರೆ, ಸುತ್ತಲಿನ ಸಂದು ಒಂದು ಕಡೆ ಅಗಲ ಒಂದು ಕಡೆ ಕಿರಿದಾಗಿದ್ದರೆ, ಒಡಲು ಬಾಗಿದೆ ಎಂದು ತಿಳಿಯಬೇಕು. ಒಳಗಿನ ಜಮಖಾನೆಯನ್ನೆತ್ತಿ ನೆಲವನ್ನು ನೋಡಬೇಕು. ಕೊನೆಗೆ ಕಾರನ್ನೆತ್ತಿ ನಿಲ್ಲಿಸಿ, ಜಾಕಿಯೊಂದನ್ನೇ ನಂಬದೆ ಗಟ್ಟಿ ಆಸರೆ ಕೊಟ್ಟು, ಸಬ್‌ಫ್ರೇಮಿನ ಒಂದೊಂದು ಬೋಲ್ಟಿನ ಸುತ್ತಲೂ ದೀಪ ಹಿಡಿದು ನೋಡಬೇಕು.

ಎಂಜಿನ್ ಹೇಳುವ ಮಾತು ಇದಕ್ಕಿಂತ ಸರಳ. ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ, ಅಂದರೆ ಸವೆತವಿದೆ. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಅದಕ್ಕೆ ನೀರು ಸೇರಿದೆ. ವರ್ಷಗಟ್ಟಲೆ ನಿಂತ ಕಾರಾದರೆ ಒಮ್ಮೆಗೇ ಸ್ಟಾರ್ಟ್ ಮಾಡಲು ಹೋಗಬಾರದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ಸ್ವಲ್ಪ ತೆಳು ಎಣ್ಣೆ ಬಿಟ್ಟು, ಒಂದೆರಡು ದಿನ ಕಾದು, ಕೈಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಹಳೆಯ ಪೆಟ್ರೋಲು ಟ್ಯಾಂಕಿನಲ್ಲಿ ಅಂಟಾಗಿರುತ್ತದೆ. ಅದನ್ನು ಹೊರಚೆಲ್ಲಿ ಟ್ಯಾಂಕನ್ನು ತೊಳೆಯಬೇಕು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಆ ತೇವದಿಂದ ಬ್ರೇಕಿನ ಪಿಸ್ಟನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಇವೆಲ್ಲವೂ ಬಿಚ್ಚಿ ಸರಿಪಡಿಸಬಹುದಾದವು. ಒಳ್ಳೆಯ ಒಡಲು, ಕೆಟ್ಟ ಎಂಜಿನ್ ಇರುವ ಕಾರನ್ನು ಧೈರ್ಯವಾಗಿ ಕೊಳ್ಳಬಹುದು. ಒಳ್ಳೆಯ ಎಂಜಿನ್, ಕೊಳೆತ ಒಡಲು ಇರುವುದನ್ನು ಕೈಮುಗಿದು ಬಿಟ್ಟುಬರುವುದು ಲೇಸು. ಯಂತ್ರದ ಭಾಗವನ್ನು ಹುಡುಕಿ ಕೊಳ್ಳಬಹುದು. ತಗಡಿನ ಕೆಲಸವನ್ನಾದರೋ ಕೈಯಿಂದಲೇ, ಗಂಟೆಗಟ್ಟಲೆ, ದಿನಗಟ್ಟಲೆ ಮಾಡಬೇಕು.

ಕೆಲಸವನ್ನು ಹೇಗೆ ಮಾಡಬೇಕೆಂಬುದಕ್ಕೂ ಕ್ರಮವುಂಟು. ದೇವಸ್ಥಾನದಲ್ಲಿ ವಾಲಿದ ಕಂಬವನ್ನು ತೆಗೆಯುವ ಮುನ್ನ ತೊಲೆಗೆ ಆಸರೆ ಕೊಡುತ್ತಾರಲ್ಲವೆ? ಇಲ್ಲಿಯೂ ಕೊಳೆತ ಹೊಸ್ತಿಲನ್ನು ಕತ್ತರಿಸುವ ಮುನ್ನ ಬಾಗಿಲಿನ ಕಂಡಿಗೆ ಅಡ್ಡಲಾಗಿ ಉಕ್ಕಿನ ಪಟ್ಟಿಗಳನ್ನು ಬೆಸೆದು ಒಡಲು ಕುಸಿಯದಂತೆ ಹಿಡಿಯಬೇಕು. ಒಂದು ಪಕ್ಕವನ್ನು ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕು. ಹೀಗೆ ಮಾಡದೆ ಎರಡು ಪಕ್ಕಗಳನ್ನೂ ಕತ್ತರಿಸಿದವರ ಕಾರು ನಡುವೆ ಬಾಗಿ, ಬಾಗಿಲುಗಳು ಮುಚ್ಚದಂತಾಗುವುದುಂಟು. ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ, ಅದು ಇದ್ದ ಸ್ಥಿತಿಯ ಚಿತ್ರ ತೆಗೆದಿಡಬೇಕು. ಬೆಸುಗೆ ಮುಗಿದ ಮೇಲೆ ಕೊಳವೆಗಳ ಒಳಗೆ ಮೇಣವನ್ನು ಸಿಂಪಡಿಸಿ, ನೀರಿನ ರಂಧ್ರಗಳನ್ನು ತೆರೆದಿಡಬೇಕು. ಇಲ್ಲವಾದರೆ ಹಳೆಯ ಕಥೆಯೇ ಹೊಸ ತಗಡಿನಲ್ಲಿ ಮೊದಲಾಗುತ್ತದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಇದನ್ನು ಕಂಡಿದ್ದರೆ ಮೂರನೆಯದೊಂದನ್ನು ಸೇರಿಸುತ್ತಿದ್ದರೇನೋ. ಕಾರಿಗೆ ಕೊಟ್ಟ ಹಣ ಒಟ್ಟು ಖರ್ಚಿನಲ್ಲಿ ಬಹುಸಲ ಚಿಕ್ಕ ಭಾಗ. ಮುಗಿದ ಕಾರನ್ನು ಮಾರಿದರೂ ಹಾಕಿದ ಹಣ ಬರುವ ಭರವಸೆಯಿಲ್ಲ. ಉತ್ಸಾಹದಲ್ಲಿ ಒಂದೇ ವಾರದಲ್ಲಿ ಪೂರ್ತಿ ಬಿಚ್ಚಿ, ಮುಂದೆ ಹಣವೋ ತಾಳ್ಮೆಯೋ ಸಾಲದೆ ಕೈಬಿಟ್ಟವರು ಎಷ್ಟೋ ಜನ. ಡಬ್ಬಗಳಲ್ಲಿ ಚೆದುರಿಹೋದ ಕಾರು ತುಕ್ಕು ಹಿಡಿದ ಕಾರಿಗಿಂತ ದುರ್ಗತಿಯದು; ಯಾವ ತಿರುಪು ಎಲ್ಲಿಯದೆಂದು ಬಲ್ಲವನೇ ಅದರಿಂದ ದೂರವಾಗಿರುತ್ತಾನೆ.

ಇಷ್ಟೆಲ್ಲ ನಿಭಾಯಿಸಿದವನ ಮುಂದೆ ಕಡೆಯದಾಗಿ ಒಂದು ಧರ್ಮಸಂಕಟ ನಿಲ್ಲುತ್ತದೆ. ಎಷ್ಟನ್ನು ಬದಲಾಯಿಸಬೇಕು, ಎಲ್ಲಿ ನಿಲ್ಲಿಸಬೇಕು? ಸೀಟಿನ ಬಟ್ಟೆ ಸವೆದಿದೆ, ಹರಿದಿಲ್ಲ. ಮರದ ಫಲಕದ ಹೊಳಪು ಮಾಸಿದೆ, ಬಿರುಕು ಬಿಟ್ಟಿಲ್ಲ. ತೆಗೆದು ಹೊಸದನ್ನು ಹಾಕಬೇಕೆ? ಹಳೆಯ ಓಲೆಗರಿಯ ಗ್ರಂಥವನ್ನು ಸಂಪಾದಿಸುವವರು ಎದುರಿಸುವ ಪ್ರಶ್ನೆಯೇ ಇದು. ಗರಿ ಮುರಿದು ನಾಲ್ಕು ಅಕ್ಷರ ಹೋಗಿದ್ದರೆ, ಬೇರೆ ಪ್ರತಿಗಳನ್ನು ನೋಡಿ ತುಂಬಿ, ತುಂಬಿದ್ದೇವೆಂದು ಕಂಸದಲ್ಲಿ ಗುರುತಿಸುತ್ತಾರೆ. ತಮಗೆ ತೋಚಿದ್ದನ್ನು ಬರೆದು ಕವಿಯದೆಂದು ಹೇಳುವುದಿಲ್ಲ. ಕಾರುಗಳ ವಿಷಯದಲ್ಲಿಯೂ ಈ ವಿವೇಕ ಬಂದಿದೆ. ಪ್ರಾಚೀನ ಕಟ್ಟಡಗಳ ರಕ್ಷಣೆಗೆಂದು 1964ರಲ್ಲಿ ವೆನಿಸ್ ನಗರದಲ್ಲಿ ಒಂದು ಸನ್ನದು ರಚಿತವಾಗಿತ್ತು. ಅದೇ ಜಾಡಿನಲ್ಲಿ, ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಸಂಸ್ಥೆ 2012ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿತು. ಇರುವುದನ್ನು ಉಳಿಸಿಕೊಳ್ಳುವುದು ಮೊದಲು, ಬದಲಾಯಿಸುವುದು ಆಮೇಲೆ; ಮಾಡಿದ ಕೆಲಸವನ್ನೆಲ್ಲ ಬರೆದಿಡಬೇಕು; ಹೊಸದಾಗಿ ಮಾಡಿಸಿ ಹಾಕಿದ ಭಾಗಕ್ಕೆ ಅಳಿಯದ ಗುರುತಿರಬೇಕು ಎಂಬುದು ಅದರ ಸಾರ.

ಹಾಗೆಂದು ಎಲ್ಲವನ್ನೂ ಹಾಗೆಯೇ ಬಿಡುವುದೂ ಸಲ್ಲದು. ಬ್ರೇಕಿನ ರಬ್ಬರ್ ಕೊಳವೆ, ಟೈರು, ಸಿಪ್ಪೆಯೆದ್ದ ವಿದ್ಯುತ್ ತಂತಿ, ಕೊಳೆತ ಸಬ್‌ಫ್ರೇಮು, ಇವುಗಳ ಮೇಲೆ ಕರುಣೆ ತೋರುವುದು ದಾರಿಯಲ್ಲಿ ನಡೆಯುವವರಿಗೆ ಮಾಡುವ ದ್ರೋಹ. ಪ್ರಾಣವನ್ನು ಕಾಯುವ ಭಾಗ ಹೊಸದಾಗಲಿ. ಕಥೆಯನ್ನು ಹೇಳುವ ಭಾಗ ಹಳೆಯದೇ ಇರಲಿ. ಇಷ್ಟನ್ನು ನೆನಪಿಟ್ಟವನಿಗೆ ದಾರಿ ತಪ್ಪುವುದು ಕಡಿಮೆ.

ನಮ್ಮಲ್ಲಿ ಟ್ಯೂರಿನ್ನಿನ ಕೂಪೆಯನ್ನು ಕೊಳ್ಳುವವರು ಎಲ್ಲೋ ಒಬ್ಬಿಬ್ಬರು ಸಿಕ್ಕಾರು. ಆದರೆ ಅಟ್ಟದ ಮೇಲೆ ಅಜ್ಜನ ಕಾಲದ ರೇಡಿಯೋ ಪೆಟ್ಟಿಗೆಯೋ ಗೋಡೆ ಗಡಿಯಾರವೋ ಇರುವ ಮನೆಗಳು ಹಲವು. ಅದನ್ನು ಕೆಳಗಿಳಿಸಿದ ದಿನ, ಮರಳುಕಾಗದ ಹಿಡಿದು ಹಳೆಯ ಮೆರುಗನ್ನೆಲ್ಲ ಉಜ್ಜಿಬಿಡುವ ಮುನ್ನ ಒಂದು ಗಳಿಗೆ ನಿಂತು ನೋಡಬೇಕು. ದಿನವೂ ತಿರುಗಿಸಿ ತಿರುಗಿಸಿ ಸವೆಸಿದ ಬೆರಳುಗಳ ಗುರುತು ಆ ಗುಂಡಿಯ ಮೇಲೆ ಉಳಿದಿರುತ್ತದೆ. ಹೊಸ ಗುಂಡಿ ಅಂಗಡಿಯಲ್ಲಿ ಸಿಕ್ಕೀತು. ಆ ಗುರುತು ಸಿಕ್ಕದು.