ಹುಣಸೆಹಣ್ಣು ಮುಟ್ಟದ ನಾಣ್ಯ, ಹೊಸ ಬಣ್ಣ ಕಾಣದ ಸೈಕಲ್ಲು

ದೀಪಾವಳಿಯ ಲಕ್ಷ್ಮೀಪೂಜೆಗೆ ವರ್ಷಕ್ಕೊಮ್ಮೆ ಹೊರಬರುವ ನಾಣ್ಯದ ಡಬ್ಬಿಯೊಂದು ಟೊರೊಂಟೊ ಸುತ್ತಲಿನ ಕನ್ನಡ ಮನೆಗಳಲ್ಲೂ ಉಂಟು. ಬ್ರಾಂಪ್ಟನ್ನಿನಲ್ಲೋ ಮಿಸ್ಸಿಸಾಗಾದಲ್ಲೋ ಅದನ್ನು ತೆರೆದರೆ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, ಐದನೇ ಜಾರ್ಜನ ಕಾಲಾಣೆ, ಮಹಾಯುದ್ಧದ ಕಾಲದ ತೂತುಕಾಸು ಕಾಣುತ್ತವೆ. ಪಕ್ಕದ ಕೆನಡಾದವರ ಮನೆಯ ನೆಲಮಾಳಿಗೆಯಲ್ಲಿ ಇಂಗ್ಲೆಂಡಿನಿಂದ ಬಂದ ಅಜ್ಜಿಯ ಪೆನ್ನಿಗಳು ತಗಡಿನ ಡಬ್ಬದಲ್ಲಿರುತ್ತವೆ. ಗರಾಜಿನ ಗೋಡೆಯಲ್ಲಿ ಹಳೆಯ ಸೈಕಲ್ಲೊಂದು ನೇತಾಡುತ್ತಿರುತ್ತದೆ. ಎರಡೂ ಮನೆಯವರು ಕೇಳುವ ಪ್ರಶ್ನೆ ಒಂದೇ: ‘ಇದಕ್ಕೆ ಎಷ್ಟು ಬಂದೀತು?’

ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳುವ ಸಂಪ್ರದಾಯ ಈ ಊರಿನಲ್ಲಿ ಗಟ್ಟಿಯಾಗಿಯೇ ಬೆಳೆದಿದೆ. ಟೊರೊಂಟೊ ಕಾಯಿನ್ ಕ್ಲಬ್ ಶುರುವಾದದ್ದು 1936ರಲ್ಲಿ. ಇಡೀ ದೇಶದ ನಾಣ್ಯಪ್ರಿಯರ ಸಂಘ ಹುಟ್ಟಿದ್ದು 1950ರಲ್ಲಿ. ಇಂದು ರಾಯಲ್ ಕೆನಡಿಯನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ ಎಂಬ ಹೆಸರಿನ ಅದರ ಕಚೇರಿ ಇರುವುದು ಮಾರ್ಕಂನಲ್ಲಿ. ಟೊರೊಂಟೊದ ನಾಣ್ಯ ವ್ಯಾಪಾರಿ ಜೇಮ್ಸ್ ಚಾರ್ಲ್ಟನ್ 1952ರಲ್ಲಿ ಕೆನಡಾ ನಾಣ್ಯಗಳ ಬೆಲೆಪಟ್ಟಿಯನ್ನು ಪುಸ್ತಕವಾಗಿ ತಂದರು. ಅಂಗಡಿಕಾರ ಹೇಳಿದ್ದೇ ಬೆಲೆ ಎಂಬ ಕಾಲ ಅಲ್ಲಿಂದ ಹಿಂದೆ ಸರಿಯಿತು. ಚಾರ್ಲ್ಟನ್ ನೂರು ದಾಟಿ ಬದುಕಿ 2013ರಲ್ಲಿ ತೀರಿಕೊಂಡರು; ಅವರ ಹೆಸರಿನ ಕ್ಯಾಟಲಾಗು ಇವತ್ತಿಗೂ ಇಲ್ಲಿನ ನಾಣ್ಯ ವ್ಯಾಪಾರಿಗಳ ಕೈಪಿಡಿ.

ಕ್ಯಾಟಲಾಗು ತಿರುವಿಹಾಕಿದವರಿಗೆ ಮೊದಲು ತಿಳಿಯುವುದು, ಹಳೆಯದೆಲ್ಲ ದುಬಾರಿಯಲ್ಲ ಎಂಬ ಸತ್ಯ. ಟೊರೊಂಟೊ ಪೇಟೆಯಲ್ಲಿ ಅಡಿಲೇಡ್ ಮತ್ತು ಜಾರ್ಜ್ ಬೀದಿಗಳು ಕೂಡುವಲ್ಲಿ ಅಪ್ಪರ್ ಕೆನಡಾ ಬ್ಯಾಂಕಿನ ಹಳೆಯ ಕಲ್ಲಿನ ಕಟ್ಟಡ ಈಗಲೂ ಇದೆ. ಚಿಲ್ಲರೆಯ ಅಭಾವ ನೀಗಿಸಲು 1850ರಿಂದ 1857ರವರೆಗೆ ಆ ಬ್ಯಾಂಕು ತಾಮ್ರದ ಪೆನ್ನಿ, ಅರ್ಧ ಪೆನ್ನಿ ಟೋಕನ್ನುಗಳನ್ನು ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿ ತರಿಸಿತು. ಕುದುರೆಯೇರಿದ ಸಂತ ಜಾರ್ಜ್ ಡ್ರ್ಯಾಗನನ್ನು ಇರಿಯುವ ಚಿತ್ರ, ಬಲು ಚೆಂದದ್ದು. ನೂರೈವತ್ತು ವರ್ಷ ಮೀರಿದ ಈ ಟೋಕನ್ನು ಸವೆದ ಸ್ಥಿತಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ. ಕಾರಣ, ಅಷ್ಟೊಂದು ಹೊಡೆದಿದ್ದರು, ಅಷ್ಟೊಂದು ಉಳಿದಿವೆ. ಬ್ರಿಟನ್ನಿನ 1936ರ ಪೆನ್ನಿಯ ಕಥೆಯೂ ಇದೇ. ಒಂದೇ ವರ್ಷ 15 ಕೋಟಿಗೂ ಹೆಚ್ಚು ಅಚ್ಚಾದ ನಾಣ್ಯ ಯಾರ ಮನೆಯಲ್ಲಿಲ್ಲ? ಅದೇ 1933ರ ಪೆನ್ನಿ ಬೆರಳೆಣಿಕೆಯಷ್ಟು ಮಾತ್ರ ಉಂಟು. ಬ್ಯಾಂಕುಗಳಲ್ಲಿ ಪೆನ್ನಿ ತುಂಬಿ ತುಳುಕುತ್ತಿದ್ದುದರಿಂದ ಆ ವರ್ಷ ಚಲಾವಣೆಗೆಂದು ಹೊಡೆಯಲೇ ಇಲ್ಲ.

ಕೆನಡಾದ ಅತ್ಯಂತ ಪ್ರಸಿದ್ಧ ಸೆಂಟ್ ನಾಣ್ಯದ ಹಿಂದೆಯೂ ಬ್ರಿಟಿಷ್ ಅರಮನೆಯ ಗೊಂದಲವಿದೆ. 1936ರ ಡಿಸೆಂಬರಿನಲ್ಲಿ ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟ. ಆರನೇ ಜಾರ್ಜನ ಮುಖದ ಅಚ್ಚು ಲಂಡನ್ನಿನಿಂದ ಬರುವುದು ತಡವಾಯಿತು. ಒಟ್ಟಾವ ಟಂಕಸಾಲೆ 1937ರಲ್ಲಿ, ಆಗಲೇ ತೀರಿಕೊಂಡಿದ್ದ ಐದನೇ ಜಾರ್ಜನ ಅಚ್ಚಿನಲ್ಲೇ, 1936 ಎಂಬ ಇಸವಿಯ ಕೆಳಗೆ ಪುಟ್ಟ ಚುಕ್ಕೆಯಿಟ್ಟು ನಾಣ್ಯ ಹೊಡೆಯಿತು. ಆ ಚುಕ್ಕೆಯ ಸೆಂಟುಗಳಲ್ಲಿ ಮೂರು ಮಾತ್ರ ಈಗ ಗೊತ್ತಿರುವಂಥವು. ಅದರಲ್ಲೊಂದು 2010ರಲ್ಲಿ ನಾಲ್ಕು ಲಕ್ಷ ಅಮೆರಿಕನ್ ಡಾಲರಿಗೂ ಮೇಲೆ ಹರಾಜಾಯಿತು. ಚುಕ್ಕೆಯಿಲ್ಲದ 1936ರ ಸೆಂಟು ಚಿಲ್ಲರೆ ಕಾಸಷ್ಟೆ.

ಅಪರೂಪವಲ್ಲದ ನಾಣ್ಯಕ್ಕೆ ಲೋಹವೇ ಆಧಾರ. ಇಲ್ಲಿ ಕೆಲವು ಇಸವಿಗಳನ್ನು ನೆನಪಿಟ್ಟರೆ ಸಾಕು. ಬ್ರಿಟನ್ನಿನ ಬೆಳ್ಳಿ ನಾಣ್ಯದಲ್ಲಿ 1919ರವರೆಗೆ ನೂರಕ್ಕೆ 92.5 ಪಾಲು ಬೆಳ್ಳಿ, 1920ರಿಂದ 1946ರವರೆಗೆ ಅರ್ಧ, 1947ರಿಂದ ಸೊನ್ನೆ. ಕೆನಡಾದ ಹತ್ತು, ಇಪ್ಪತ್ತೈದು ಸೆಂಟುಗಳಲ್ಲಿ 1920ರಿಂದ 1966ರವರೆಗೆ ಶೇ 80. ನಮ್ಮ ಬ್ರಿಟಿಷ್ ಭಾರತದ ರೂಪಾಯಿ 11.66 ಗ್ರಾಂ ತೂಗುತ್ತದೆ. 1939ರವರೆಗೆ ಅದರಲ್ಲಿ ಶೇ 91.7 ಬೆಳ್ಳಿ, 1940ರಿಂದ ಅರ್ಧಕ್ಕೆ ಇಳಿಕೆ, 1947ರದ್ದು ನಿಕಲ್. ಹಾಗಾಗಿ ಐದನೇ ಜಾರ್ಜನ ಸಾಧಾರಣ ರೂಪಾಯಿ ಕೂಡ ಆ ದಿನದ ಬೆಳ್ಳಿಯ ದರಕ್ಕಿಂತ ಕೆಳಗೆ ಹೋಗುವುದಿಲ್ಲ.

ಚಿನ್ನದ ಸವರನ್ನಿನ ವಿಷಯ ಇನ್ನೂ ಸ್ವಾರಸ್ಯ. 1908ರಲ್ಲಿ ಒಟ್ಟಾವದಲ್ಲಿ ರಾಯಲ್ ಮಿಂಟಿನ ಶಾಖೆ ತೆರೆದಾಗ ಲಂಡನ್ನಿನ ಸವರನ್ನೇ ಇಲ್ಲೂ ಅಚ್ಚಾಯಿತು. ಗುರುತು ಒಂದೇ: ಅದರ ಮೇಲೂ ಇರುವ ಸಂತ ಜಾರ್ಜನ ಕುದುರೆಯ ಕಾಲಡಿಯ ನೆಲದ ಗೆರೆಯ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ‘ಸಿ’ ಅಕ್ಷರ. ಮೊದಲ ವರ್ಷ ಹೊಡೆದದ್ದು 636 ಮಾತ್ರ. 1918ರಲ್ಲಿ ಮುಂಬಯಿಯಲ್ಲೂ ಒಂದೇ ಒಂದು ವರ್ಷ ಸವರನ್ ಅಚ್ಚಾಯಿತು; ಅದರ ಗುರುತು ‘ಐ’. ಕರಾವಳಿಯವರು ಎಂಟು ಗ್ರಾಂ ಚಿನ್ನಕ್ಕೆ ಪವನು ಎಂದು ಲೆಕ್ಕ ಹಾಕುವುದು ಈ ನಾಣ್ಯದ ತೂಕದಿಂದಲೇ. ಅಜ್ಜಿಯ ಕಾಸಿನ ಸರದಲ್ಲಿ ಅಸಲಿ ಸವರನ್ನುಗಳಿದ್ದರೆ ಭೂತಗನ್ನಡಿಯಲ್ಲಿ ಆ ಅಕ್ಷರ ಹುಡುಕಿ ನೋಡಿ. ಆದರೆ ಕೊಂಡಿ ಬೆಸೆದ ನಾಣ್ಯವನ್ನು ಸಂಗ್ರಾಹಕ ಚಿನ್ನದ ತೂಕಕ್ಕಷ್ಟೇ ಕೊಳ್ಳುತ್ತಾನೆ. ಅದು ಸರವಾಗಿಯೇ ಇರಲಿ. ಕಿತ್ತು ಮಾರುವುದರಲ್ಲಿ ಲಾಭವಿಲ್ಲ, ಅಜ್ಜಿಯ ಸರವೂ ಹೋಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಹಬ್ಬದ ಮುಂಚೆ ಹುಣಸೆಹಣ್ಣು, ಉಪ್ಪು ಹಾಕಿ ನಾಣ್ಯಗಳನ್ನು ತಿಕ್ಕಿ ಫಳಫಳ ಹೊಳೆಯಿಸುವುದು ನಮ್ಮಲ್ಲಿ ಭಕ್ತಿಯ ಕೆಲಸ. ನಾಣ್ಯದ ಬೆಲೆಗೆ ಅದರಷ್ಟು ಕೆಡುಕು ಬೇರೊಂದಿಲ್ಲ. ಅಚ್ಚಿನ ಹೊಡೆತಕ್ಕೆ ಲೋಹ ಹರಿದು ಮೇಲ್ಮೈಯಲ್ಲಿ ಅತಿ ಸಣ್ಣ ಗೆರೆಗಳು ಮೂಡಿರುತ್ತವೆ. ಹೊಸ ನಾಣ್ಯದ ಜೀವಂತ ಹೊಳಪು ಆ ಗೆರೆಗಳದ್ದು. ಕಾಲ ಕಳೆದಂತೆ ಗಾಳಿಯ ಸಂಗದಿಂದ ತಾಮ್ರ ಕಂದಾಗುತ್ತದೆ, ಬೆಳ್ಳಿ ನೀಲಿ-ಬೂದು ಬಣ್ಣಕ್ಕೆ ತಿರುಗುತ್ತದೆ. ಹುಳಿ ಆ ಪದರವನ್ನು ತಿಂದುಹಾಕುತ್ತದೆ, ಉಜ್ಜಿದ ಬಟ್ಟೆ ಗೆರೆಗಳನ್ನು ಅಳಿಸುತ್ತದೆ. ಉಳಿಯುವುದು ಸತ್ತ ಹೊಳಪು, ಅದರ ಮೇಲೆ ಕೂದಲೆಳೆಯಂಥ ಗೀರು. ನಾಣ್ಯದ ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕದಲ್ಲಿ ಅಳೆಯುವ ಪದ್ಧತಿ ಇಂದು ರೂಢಿ. ಆ ಕೆಲಸ ಮಾಡುವ ಸಂಸ್ಥೆಯೊಂದು ಟೊರೊಂಟೊದಲ್ಲೇ ಇದೆ. ಪಳಗಿದ ಕಣ್ಣಿಗೆ ತಿಕ್ಕಿದ ನಾಣ್ಯ ಒಂದೇ ನೋಟಕ್ಕೆ ಗೊತ್ತಾಗಿಬಿಡುತ್ತದೆ, ಬೆಲೆ ಅರ್ಧಕ್ಕೂ ಕೆಳಗೆ ಕುಸಿಯುತ್ತದೆ. ಪೂಜೆಗೆ ಇಂದಿನ ನಾಣ್ಯಗಳನ್ನು ತೊಳೆದಿಡಿ; ಲಕ್ಷ್ಮಿ ಬೇಡವೆನ್ನಳು. ಹಳೆಯದನ್ನು ಅಂಚು ಹಿಡಿದು ಎತ್ತಿ, ಹಾಗೆಯೇ ಇಡಿ.

ಇನ್ನೆರಡು ಎಚ್ಚರಿಕೆ. ಹಳೇ ನಾಣ್ಯ ಕೊಟ್ಟರೆ ಲಕ್ಷಗಟ್ಟಲೆ ಎಂದು ವಾಟ್ಸಾಪಿನಲ್ಲಿ ಬರುವ ಸಂದೇಶಗಳು ಮುಂಗಡ ‘ಶುಲ್ಕ’ ಕೀಳುವ ಮೋಸ. ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ತನ್ನ ಹೆಸರಿನ ದುರ್ಬಳಕೆಯ ಬಗ್ಗೆ ಎಚ್ಚರಿಸಿದೆ. ಮತ್ತೊಂದು, 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವನ್ನು ಖಾಸಗಿಯವರು ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ಊರಿಗೆ ಹೋದಾಗ ಅಜ್ಜನ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರೂಪಾಯಿ ಸಿಕ್ಕರೆ ಅದು ಊರಿನಲ್ಲೇ ಇರಬೇಕಾದದ್ದು.

ಸೈಕಲ್ಲಿನ ಕಡೆಗೆ ಬರೋಣ. ಇಲ್ಲಿನ ಗರಾಜುಗಳಲ್ಲಿ ಸಿಗುವ ಹಳೆಯ ಸೈಕಲ್ಲುಗಳಲ್ಲಿ ಎರಡು ಕುಲಗಳು ಮುಖ್ಯ. ಒಂದು ನಾಟಿಂಗ್‌ಹ್ಯಾಮಿನ ರ‍್ಯಾಲಿ, ನಮ್ಮೂರಿನ ಮೇಷ್ಟ್ರು, ಪೋಸ್ಟ್‌ಮ್ಯಾನು ತುಳಿದದ್ದೂ ಅದೇ ಮನೆತನದ್ದು. ಇನ್ನೊಂದು ಟೊರೊಂಟೊದ ಸ್ವಂತ ಕೂಸು ಸಿಸಿಎಂ, ಅಂದರೆ ಕೆನಡಾ ಸೈಕಲ್ ಅಂಡ್ ಮೋಟಾರ್ ಕಂಪನಿ.

1890ರ ದಶಕದಲ್ಲಿ ಈ ಊರಿಗೆ ಸೈಕಲ್ ಹುಚ್ಚು ಹಿಡಿದಿತ್ತು. ನೇಗಿಲು, ಕಟಾವು ಯಂತ್ರ ಮಾಡುತ್ತಿದ್ದ ಮ್ಯಾಸಿ-ಹ್ಯಾರಿಸ್ ಕಂಪನಿಯೂ ಸೈಕಲ್ಲಿಗಿಳಿಯಿತು. ಆಗ ಭಾನುವಾರ ಟ್ರಾಮ್ ಓಡುತ್ತಿರಲಿಲ್ಲ. ಸಬ್ಬತ್ತಿನ ದಿನ ಕೆಲಸ ಕೂಡದೆಂದು ಚರ್ಚಿನವರ ಹಟ. ಜನ ಸೈಕಲ್ಲೇರಿ ಸರೋವರದ ದಂಡೆಗೆ ಹೋದರು. 1897ರಲ್ಲಿ ಊರಿನವರು ಮತ ಹಾಕಿ, ಅಲ್ಪ ಅಂತರದಲ್ಲಿ ಭಾನುವಾರದ ಟ್ರಾಮಿಗೆ ಒಪ್ಪಿಗೆ ಕೊಟ್ಟರು. ಅಷ್ಟರಲ್ಲಿ ಹುಚ್ಚು ಇಳಿಯತೊಡಗಿ, ಮಾರುಕಟ್ಟೆ ಬಿದ್ದು, 1899ರಲ್ಲಿ ಪೈಪೋಟಿಯ ಕಂಪನಿಗಳು ಒಂದಾದವು. ಸಿಸಿಎಂ ಹುಟ್ಟಿದ್ದು ಹಾಗೆ. ಮ್ಯಾಸಿ, ಕ್ಲೀವ್‌ಲ್ಯಾಂಡ್, ಪರ್ಫೆಕ್ಟ್, ಬ್ರಾಂಟ್‌ಫರ್ಡಿನ ರೆಡ್ ಬರ್ಡ್ ಎಂಬ ಹಳೆಯ ಹೆಸರುಗಳು ಬಿಲ್ಲೆಗಳಲ್ಲಿ ಬಹುಕಾಲ ಉಳಿದವು. ಮೊದಲ ಮಹಾಯುದ್ಧದ ವೇಳೆಗೆ ಟೊರೊಂಟೊ ಪಕ್ಕದ ವೆಸ್ಟನ್ನಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಕೆನಡಾದ ಮೂರು ತಲೆಮಾರಿನ ಮಕ್ಕಳು ಅಲ್ಲಿನ ಸೈಕಲ್ಲಿನಲ್ಲಿ ಬಿದ್ದೆದ್ದು ಕಲಿತರು. 1980ರ ದಶಕದ ಆರಂಭದಲ್ಲಿ ಕಂಪನಿ ದಿವಾಳಿಯಾಯಿತು. ಹಾಕಿಯ ಸ್ಕೇಟು, ಕೋಲುಗಳ ಮೇಲೆ ಹೆಸರು ಮಾತ್ರ ಬದುಕಿದೆ.

ಇಂಥ ಸೈಕಲ್ಲಿನ ಬೆಲೆ ನಿಲ್ಲುವುದು ಎಲ್ಲಿ? ಮುಂದಿನ ಕೊಳವೆಯ ಮೇಲಿನ ಬಿಲ್ಲೆ ಇದೆಯೇ, ಸಿಸಿಎಂ ಅಕ್ಷರಗಳನ್ನೇ ಕೊರೆದ ಮುಂದಿನ ಚೈನ್ ಚಕ್ರ ಇದೆಯೇ, ಚರ್ಮದ ಸೀಟು, ಪೆಡಲು, ಮಡ್‌ಗಾರ್ಡು ಹುಟ್ಟಿದಾಗಿನವೇ, ಫ್ರೇಮಿನ ಸಂಖ್ಯೆ ಓದಲು ಬರುತ್ತದೆಯೇ. ಇಂಗ್ಲಿಷ್ ಸೈಕಲ್ಲಾದರೆ ಹಿಂದಿನ ಸ್ಟರ್ಮಿ-ಆರ್ಚರ್ ಗೇರಿನ ಹಬ್ಬಿನ ಮೇಲೆ ತಯಾರಾದ ವರ್ಷ, ತಿಂಗಳು ಒತ್ತಿರುತ್ತದೆ. ನಾಣ್ಯದ ಇಸವಿಯಷ್ಟೇ ನಂಬಿಕೆಯದು. ಎಲ್ಲಕ್ಕೂ ಮಿಗಿಲಾಗಿ ಬಣ್ಣ. ಕೈಯಿಂದ ಎಳೆದ ಸಣ್ಣ ಬಂಗಾರದ ಗೆರೆ, ಅರ್ಧ ಮಾಸಿದ ಅಕ್ಷರ ಇದ್ದರೆ ಸಂಗ್ರಾಹಕ ಕೈ ಮುಗಿಯುತ್ತಾನೆ. ಆಯುಧಪೂಜೆಯ ಹುರುಪಿನಲ್ಲಿ ಸ್ಪ್ರೇ ಪೇಂಟ್ ಹೊಡೆಸಿದರೆ ಆ ಸೈಕಲ್ಲು ಬಿಡಿಭಾಗಗಳ ಬೆಲೆಗೆ ಇಳಿಯುತ್ತದೆ. ತೊಳೆಯಲು ನೀರಿನ ಪೈಪೂ ಬೇಡ. ಈ ಊರಿನ ರಸ್ತೆಗೆ ಚಳಿಗಾಲದಲ್ಲಿ ಸುರಿಯುವ ಉಪ್ಪು ತುಕ್ಕಿಗೆ ಹಬ್ಬ, ನಿಜ. ಆದರೂ ತೆಳು ಎಣ್ಣೆ, ಮೆತ್ತನೆ ಬಟ್ಟೆ, ಬೇರಿಂಗಿಗೆ ಹೊಸ ಗ್ರೀಸು ಇಷ್ಟೇ ಸಾಕು. ಸತ್ಯ ಹೇಳಬೇಕೆಂದರೆ ಐವತ್ತರ, ಅರವತ್ತರ ದಶಕದ ಬಹುಪಾಲು ಸೈಕಲ್ಲುಗಳು ಹಣ ತರುವಂಥವಲ್ಲ. ಯುದ್ಧಕ್ಕೂ ಹಿಂದಿನವು, ಅದರಲ್ಲೂ ರೇಸಿನವು, ಮರದ ರಿಮ್ಮಿನವು ಬೇರೆ ಮಾತು. ಉಳಿದವುಗಳನ್ನು ಓಡಿಸುವುದೇ ಅವಕ್ಕೆ ಸಲ್ಲಿಸುವ ಮರ್ಯಾದೆ ಎಂದು ನನ್ನ ನಂಬಿಕೆ.

ಓಡಿಸಲು ಹೊರಟವರು ಟಯರಿನಲ್ಲಿ ಎಡವುತ್ತಾರೆ. ಹಳೆಯ ಸಿಸಿಎಂ ಟಯರಿನ ಮೇಲೆ 28 ಇಂಚು, ಒಂದೂವರೆ ಎಂದು ಬರೆದಿರುತ್ತದೆ. ನಮ್ಮೂರಿನ ರೋಡ್‌ಸ್ಟರ್ ಟಯರಿನ ಮೇಲೂ ಅದೇ ಬರಹ. ಊರಿನಿಂದ ಟಯರು ಹೊತ್ತು ತಂದವರು ಪೆಚ್ಚಾಗುತ್ತಾರೆ. ಏಕೆಂದರೆ ಬ್ರಿಟಿಷ್ ಮತ್ತು ಭಾರತದ ರಿಮ್ಮಿನ ಅಡ್ಡಳತೆ 635 ಮಿಲಿಮೀಟರು, ಕೆನಡಾದ್ದು 622. ಇಂದಿನ 700ಸಿ ಸೈಕಲ್ಲುಗಳ ಅಳತೆಯೂ 622 ಆದ್ದರಿಂದ ಪಕ್ಕದ ಬೀದಿಯ ಸೈಕಲ್ ಶಾಪಿನಲ್ಲಿ 700ಸಿ ಅಳತೆಯ ಅಗಲ ಟಯರು ಕೇಳಿದರೆ ವೆಸ್ಟನ್ನಿನ ಹಳೆಯ ಸೈಕಲ್ಲಿಗೆ ಅದು ಕೂರುತ್ತದೆ.