ಕೇಳುವ ಮಾತು ತಿಳಿಯಾಗಿರಲಿ

ಮಠಕ್ಕೆ ಬರುವ ಭಕ್ತರಲ್ಲಿ ಅನೇಕರು ಮೊದಲಿಗೆ ಆಡುವ ಮಾತು ಒಂದೇ: "ಬಹಳ ಕಷ್ಟದಲ್ಲಿದ್ದೇವೆ ಬುದ್ಧೀ, ತಾವೇ ದಾರಿ ತೋರಬೇಕು." ಈ ಮಾತಿನಲ್ಲಿ ಭಕ್ತಿಯುಂಟು, ವಿನಯವುಂಟು, ಆದರೆ ಕಷ್ಟ ಯಾವುದೆಂಬುದು ಮಾತ್ರ ಇಲ್ಲ. ಕೇಳುವವರ ಅಂತಃಕರಣ ಎಷ್ಟೇ ದೊಡ್ಡದಾಗಿದ್ದರೂ ಕಾಣದ ಗಾಯಕ್ಕೆ ಮದ್ದು ಹಚ್ಚಲಾಗದು.

ನಮ್ಮ ಚಿಕ್ಕಜಾಜೂರು ರೈಲು ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಗಳ ಕಡೆಗೆ ಹೋಗುವ ದಾರಿ ಇಲ್ಲಿಯೇ ಒಡೆಯುತ್ತದೆ. ಟಿಕೇಟಿನ ಕಿಟಕಿಯ ಮುಂದೆ ನಿಂತು "ಊರಿಗೆ ಹೋಗಬೇಕು" ಎಂದರೆ ಯಾರೂ ಟಿಕೇಟು ಕೊಡಲಾರರು. ಊರಿನ ಹೆಸರು ಹೇಳಲು ನಾಚದ ನಾವು ನೋವಿನ ಹೆಸರು ಹೇಳಲು ಮಾತ್ರ ಹಿಂಜರಿಯುತ್ತೇವೆ.

ಅಡಿಕೆ ಬೆಳೆಗಾರರ ಒಂದು ಉದಾಹರಣೆಯನ್ನು ನೋಡೋಣ. "ತೋಟ ಒಣಗುತ್ತಿದೆ, ಏನು ಮಾಡಲಿ?" ಎಂದು ಕೇಳಿದವನಿಗೆ ನೆರೆಯವನು "ನೀರು ಹೆಚ್ಚು ಬಿಡು" ಎನ್ನುವುದು ಸಹಜ. ಆದರೆ ಅಣಬೆ ರೋಗ ತಗುಲಿದ ಮರವೂ ಮೊದಮೊದಲು ನೀರಿಲ್ಲದೆ ಬಾಡಿದಂತೆಯೇ ಕಾಣುತ್ತದೆ. ಹೊರಸುತ್ತಿನ ಗರಿಗಳು ಹಳದಿಯಾಗಿ ಜೋಲುತ್ತವೆ. ಬುಡದ ಕಾಂಡದಲ್ಲಿ ಕಂದು ಕಲೆ ಮೂಡಿ ರಸ ಸೋರುತ್ತಿದ್ದರೆ ಅದು ರೋಗದ ಗುರುತು. ಹಾಗಿರುವಾಗ ರೋಗದ ಮರದ ಬುಡದಿಂದ ಮುಂದಿನ ಮರಕ್ಕೆ ನೀರು ಹರಿಸಿದರೆ ರೋಗವನ್ನೂ ಹರಿಸಿದಂತೆ. ಎಷ್ಟು ಮರ, ಎಷ್ಟು ವಯಸ್ಸಿನವು, ಎಂದಿನಿಂದ ಹೀಗಾಗಿದೆ, ಬುಡದಲ್ಲಿ ಏನು ಕಾಣುತ್ತಿದೆ ಎಂಬ ನಾಲ್ಕು ಮಾತುಗಳನ್ನು ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರಿಗೆ ತಿಳಿಸಿದರೆ ಸರಿಯಾದ ಉತ್ತರ ಬರುತ್ತದೆ. ಹೇಳದೆ ಬಿಟ್ಟ ಒಂದು ಮಾತಿಗೆ ಹತ್ತಾರು ಮರಗಳ ಬೆಲೆ ತೆರಬೇಕಾಗಬಹುದು.

ಮನೆತನದ ವಿಷಯದಲ್ಲಿ ಈ ಮರೆಮಾಚುವಿಕೆ ಇನ್ನೂ ಹೆಚ್ಚು. ಸಿರಿಗೆರೆಯ ತರಳಬಾಳು ಜಗದ್ಗುರು ಬೃಹನ್ಮಠದಲ್ಲಿ ಸೋಮವಾರಗಳಂದು ನಡೆಯುತ್ತ ಬಂದಿರುವ ಸದ್ಧರ್ಮ ನ್ಯಾಯಪೀಠವನ್ನು ನಮ್ಮ ಓದುಗರು ಬಲ್ಲರು. ಹೊಲದ ಬದು, ದಾಯಾದಿಗಳ ಪಾಲು, ದಂಪತಿಗಳ ಮನಸ್ತಾಪ ಮೊದಲಾದ ವ್ಯಾಜ್ಯಗಳು ಅಲ್ಲಿಗೆ ಬರುತ್ತವೆ. ಇಂಥ ನ್ಯಾಯಪೀಠದ ಮುಂದೆ ತವರಿನ ಆಸ್ತಿಯ ಪಾಲು ಕೇಳಬಂದ ಹೆಣ್ಣುಮಗಳು "ಅಣ್ಣಂದಿರು ಅನ್ಯಾಯ ಮಾಡಿದರು" ಎಂದಷ್ಟೇ ಬರೆದರೆ ಸಾಲದು. ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆ 2005ರ ಸೆಪ್ಟೆಂಬರ್ 9ರಿಂದ ಜಾರಿಯಲ್ಲಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆಗಿಹೋದ ಪಾಲುಪಟ್ಟಿಯನ್ನು ಈ ಕಾಯಿದೆ ಮುಟ್ಟುವುದಿಲ್ಲ. ಆದ್ದರಿಂದ ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಸರ್ವೆ ನಂಬರು ಯಾವುದು, ಪಾಲಾದದ್ದು ಎಂದು, ಪತ್ರ ನೋಂದಣಿಯಾಗಿದೆಯೇ, ಪಹಣಿ ಯಾರ ಹೆಸರಿನಲ್ಲಿದೆ ಎಂಬ ವಿವರಗಳೇ ಅವಳ ನಿಜವಾದ ಬಲ. ಕಣ್ಣೀರು ಕೇಳುವವರ ಮನಸ್ಸನ್ನು ಕರಗಿಸೀತು; ತೀರ್ಮಾನಕ್ಕೆ ಆಧಾರವಾಗುವುದು ಇಸವಿ ಮತ್ತು ದಾಖಲೆ. ತನಗೆ ಪ್ರತಿಕೂಲವಾದ ಸಂಗತಿಯಿದ್ದರೆ ಅದನ್ನೂ ಮೊದಲೇ ಹೇಳಬೇಕು. ಎದುರು ಪಕ್ಷದವರ ಬಾಯಿಂದ ಅದು ಹೊರಬಿದ್ದರೆ ಉಳಿದ ಸತ್ಯವೂ ಸಂಶಯಕ್ಕೆ ಒಳಗಾಗುತ್ತದೆ.

ಸರಕಾರದ ಕಛೇರಿಗೂ ಇದೇ ನಿಯಮ ಸಲ್ಲುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕವು 2008ರಲ್ಲಿ ತಿದ್ದಿದ ನಿಯಮದಲ್ಲಿ, ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು ಎಂದಿದೆ. ಈ ಮಿತಿಯ ಬಗೆಗೆ ಆಕ್ಷೇಪಗಳಿರಬಹುದು. ಆದರೆ ಒಂದು ಸಲಕ್ಕೆ ಒಂದೇ ಮಾತು ಕೇಳುವ ಶಿಸ್ತು ಮಾತ್ರ ಕೇಳುವವನಿಗೇ ಲಾಭದಾಯಕ. "ನಮ್ಮೂರ ಕೆರೆಯ ಹಣ ಏನಾಯಿತು?" ಎಂಬುದಕ್ಕಿಂತ, ಇಂಥ ವರ್ಷದಲ್ಲಿ ಇಂಥ ಕೆರೆಯ ಹೂಳೆತ್ತಲು ಮಂಜೂರಾದ ಮೊತ್ತ ಎಷ್ಟು, ಬಿಲ್ಲಿನ ಪ್ರತಿ ಕೊಡಿ ಎಂಬ ಪ್ರಶ್ನೆಯಿಂದ ನುಣುಚಿಕೊಳ್ಳುವುದು ಕಷ್ಟ.

ಹಾಗೆಂದು ಹೊಣೆಯೆಲ್ಲ ಕೇಳುವವನದೇ ಅಲ್ಲ. ಬರೆಯಲಾರದವನು ಬಂದರೆ ಅವನ ಬಾಯಿಮಾತನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕೆಂದು ಅದೇ ಕಾಯಿದೆ ವಿಧಿಸಿದೆ. ಮಠದವರೂ ಮನೆಯ ಹಿರಿಯರೂ ಇದನ್ನು ಗಮನಿಸಬೇಕು. ತೊದಲುವವನನ್ನು ಗದರಿಸಿದರೆ ಅವನು ಇನ್ನಷ್ಟು ಮುಚ್ಚಿಡುತ್ತಾನೆ. "ಎಂದಿನಿಂದಪ್ಪ? ಆಮೇಲೇನಾಯಿತು?" ಎಂದು ಮೆಲ್ಲಗೆ ಕೇಳುವುದೂ ಒಂದು ದಾಸೋಹವೇ.

ಕೇಳುವುದು ಕೀಳೆಂಬ ಭಾವನೆ ಶರಣಧರ್ಮಕ್ಕೆ ಸಲ್ಲದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯಗಳು ಸಂಪಾದಿಸಿದ ಶೂನ್ಯಸಂಪಾದನೆ ಶರಣರ ವಚನಗಳನ್ನು ಸಂವಾದ ರೂಪದಲ್ಲಿಯೇ ಜೋಡಿಸಿಟ್ಟ ಗ್ರಂಥ. ಪ್ರಶ್ನೆಗೆ ಅಂಜಿದ್ದರೆ ಆ ಸಂವಾದವೇ ನಡೆಯುತ್ತಿರಲಿಲ್ಲ.

ಆದಕಾರಣ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ವೈದ್ಯರ ಬಳಿಗಾಗಲಿ, ಕಛೇರಿಗಾಗಲಿ, ಮಠಕ್ಕಾಗಲಿ ಹೊರಡುವ ಹಿಂದಿನ ರಾತ್ರಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ: ಆದದ್ದೇನು, ಎಂದಿನಿಂದ, ಈವರೆಗೆ ಏನು ಮಾಡಿದ್ದೇವೆ, ಈಗ ಬೇಕಾದದ್ದೇನು. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ, ಓದಿಸಿ ಕೇಳಿ. ನಿಮಗೇ ಅರ್ಥವಾಗದ ಸಾಲು ಅದರಲ್ಲಿದ್ದರೆ ಅದನ್ನು ತಿದ್ದಿಕೊಂಡೇ ಹೊರಡಿ.