ನಮ್ಮ ಏರಿಗೆ ನಮ್ಮದೂ ಒಂದು ಮತ



ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ ನಾವು ಸಂಜೆ ವಾಕಿಂಗ್ ಹೋಗುವ ನದಿಯ ಏರಿ ನಮ್ಮೂರ ಕೆರೆ ಏರಿಯನ್ನೇ ನೆನಪಿಸುತ್ತದೆ. ಅಲ್ಲಿ ಏರಿಯ ಕೆಳಗೆ ಗದ್ದೆ, ಇಲ್ಲಿ ನಮ್ಮ ಮನೆಗಳು! ಪಕ್ಕದ ನ್ಯೂವೆರ್‌ಕೆರ್ಕ್ ಬಳಿ ನೆಲ ಸಮುದ್ರಮಟ್ಟಕ್ಕಿಂತ 6.76 ಮೀಟರ್ ಕೆಳಗಿದೆ.

1953ರ ಫೆಬ್ರವರಿಯ ಪ್ರವಾಹದಲ್ಲಿ ಈ ದೇಶದಲ್ಲಿ 1,836 ಜನ ಸತ್ತರು. ಆಗ ನ್ಯೂವೆರ್‌ಕೆರ್ಕ್‌ನಲ್ಲಿ ಏರಿ ಒಡೆದ ಜಾಗಕ್ಕೆ ಒಬ್ಬರು ತಮ್ಮ ಹಡಗನ್ನೇ ಅಡ್ಡ ನಿಲ್ಲಿಸಿ ನೀರು ತಡೆದರು. 1958ರಿಂದ ಕಾಪೆಲ್ಲೆ ಮತ್ತು ಕ್ರಿಂಪೆನ್ ನಡುವಿನ ದೊಡ್ಡ ಗೇಟು ನಮ್ಮನ್ನು ಕಾಯುತ್ತಿದೆ.

ಏರಿಯನ್ನು ಎಷ್ಟು ಎತ್ತರಿಸಬೇಕು? ಅದರ ಮೇಲಿನ ಮನೆ, ಮರಗಳ ಗತಿ ಏನು? ಖರ್ಚು ಯಾರದು? ಇದರಲ್ಲಿ ಬಹಳಷ್ಟನ್ನು ನಿರ್ಧರಿಸುವುದು ವಾಟರ್‌ಸ್ಖಾಪ್. ಬೆಂಗಳೂರಿನ ಜಲಮಂಡಳಿಯಂತೆ ಇದು ಕುಡಿಯುವ ನೀರು ಕೊಡುವುದಿಲ್ಲ. ಏರಿ, ಕಾಲುವೆ, ಕೊಳಚೆ ನೀರಿನ ಶುದ್ಧೀಕರಣ ಇದರ ಕೆಲಸ. ಅದಕ್ಕೆಂದೇ ನಾವು ಪ್ರತಿ ವರ್ಷ ತೆರಿಗೆ ಕಟ್ಟುತ್ತೇವೆ.

ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿಯೆಂದರೆ, ಇದರ ಚುನಾವಣೆಯಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರೂ ಮತ ಹಾಕಬಹುದು. 18 ವರ್ಷ ತುಂಬಿ, ಇಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ ಸಾಕು. ನಗರಸಭೆಗಾದರೆ ಐದು ವರ್ಷ ಕಾಯಬೇಕು. ನಾಲ್ಕು ವರ್ಷಕ್ಕೊಮ್ಮೆ ಬರುವ ಈ ಚುನಾವಣೆ 2023ರ ಮಾರ್ಚ್ 15ರಂದು ನಡೆಯಿತು. ಆಗ ಬಂದ ಮತದಾನದ ಚೀಟಿಯನ್ನು ನಾವು ಜಾಹೀರಾತು ಅಂದುಕೊಂಡು ರದ್ದಿಗೆ ಹಾಕಿದ್ದೆವು!

ಚುನಾವಣೆ ಇಲ್ಲದಾಗಲೂ ದಾರಿಯಿದೆ. ದೊಡ್ಡ ಯೋಜನೆಯ ಕರಡನ್ನು ಸಾಮಾನ್ಯವಾಗಿ ಆರು ವಾರ ಜನರ ಮುಂದಿಡುತ್ತಾರೆ. ಆಗ ಪತ್ರ ಬರೆದು ಅಥವಾ ಬಾಯಿಮಾತಿನಲ್ಲೇ ಅಭಿಪ್ರಾಯ ಹೇಳಬಹುದು. ಸಾಫ್ಟ್‌ವೇರ್‌ನವರಿಗೆ ಇದು ಚೆನ್ನಾಗಿ ಗೊತ್ತು: ಡಿಸೈನ್ ಹಂತದಲ್ಲಿ ಹೇಳಿದ ಮಾತು ಸುಲಭವಾಗಿ ಸೇರುತ್ತದೆ, ರಿಲೀಸ್ ಆದಮೇಲೆ ಕಷ್ಟ.

ಕಾಗದಗಳೆಲ್ಲ ಡಚ್ ಭಾಷೆಯಲ್ಲಿರುವುದು ನಿಜವಾದ ತೊಡಕು. ಭಾರತದಲ್ಲೂ 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡು ನಿಯಮಗಳು ಜನರ ಭಾಷೆಗಳಲ್ಲಿ ತಲುಪಿಲ್ಲವೆಂದು ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಯನ್ನು ತಡೆಹಿಡಿದಿತ್ತು. ಅರ್ಥವಾಗದ್ದಕ್ಕೆ ಅಭಿಪ್ರಾಯ ಹೇಳುವುದು ಹೇಗೆ? ನಮ್ಮ ಮನೆಗಳಲ್ಲಿ ಇದಕ್ಕೂ ಉಪಾಯವಿದೆ: ಇಲ್ಲಿನ ಶಾಲೆಗೆ ಹೋಗುವ ಮಕ್ಕಳು! ಅವರು ಓದಿ ಹೇಳಲಿ, ನಾವು ಪ್ರಶ್ನೆ ಕೇಳೋಣ.

ಮುಂದಿನ ಸಲ ಮತದಾನದ ಚೀಟಿ ಬಂದಾಗ ದಯವಿಟ್ಟು ಜೋಪಾನವಾಗಿ ಎತ್ತಿಡಿ. ಏರಿ ಕಾಯುವುದು ನಮ್ಮ ಮನೆಯನ್ನೂ ತಾನೇ?